ಹಾಸಿಗೆಯನ್ನು ತೂಗಿ ನೋಡಿರಿ

ಅಡಕೆಯ ಕೊಯ್ಲು ಮುಗಿದು ಮಾರಾಟದ ಹಣ ಕೈಸೇರಿದ ಮೇಲೆ ಹೇರೂರಿನಂಥ ಊರುಗಳಿಂದ ಸಿರಸಿಯ ಪೇಟೆಗೆ ಹೋಗಿ ಫೋಮ್ ಹಾಸಿಗೆ ಕೊಳ್ಳುವವರು ಈಗ ಅನೇಕರು. ಅಂಗಡಿಯಲ್ಲಿ ಅವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಗಟ್ಟಿ ಇದೆಯೇ?” ಕೈಯಿಂದ ಒತ್ತಿ ನೋಡಿ, ಗಟ್ಟಿಯಾದುದೇ ಬಾಳಿಕೆಯದೆಂದು ನಂಬಿ, ಸಾವಿರಾರು ರೂಪಾಯಿ ತೆತ್ತು ತರುತ್ತಾರೆ. ಎರಡು ಮಳೆಗಾಲ ಕಳೆಯುವುದರೊಳಗೆ ಹಾಸಿಗೆಯ ನಡುವೆ ತಗ್ಗು ಬಿದ್ದರೆ ಅದೃಷ್ಟವನ್ನು ಹಳಿಯುತ್ತಾರೆ. ಸಾಂದ್ರತೆ ಮತ್ತು ಗಡಸುತನ ಎಂಬ ಎರಡು ಗುಣಗಳನ್ನು ಒಂದೇ ಎಂದು ತಿಳಿದುದರ ಫಲವಿದು.

ಈ ಭ್ರಾಂತಿಯ ಮೂಲ ನಮ್ಮ ಹಳೆಯ ಹಾಸಿಗೆಯಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಹತ್ತಿಯ ಅಥವಾ ಬೂರುಗದ ಅರಳೆಯ ಹಾಸಿಗೆ ಬಳಸಿದಂತೆಲ್ಲ ಕುಗ್ಗುತ್ತದೆ. ತೂಕ ಅಷ್ಟೇ ಇರುತ್ತದೆ, ಗಾತ್ರ ಕಡಿಮೆಯಾಗುತ್ತದೆ; ಆದುದರಿಂದ ಸಾಂದ್ರತೆ ಹೆಚ್ಚುತ್ತದೆ, ಅದರೊಡನೆ ಗಡಸುತನವೂ ಹೆಚ್ಚುತ್ತದೆ. ಪಿಂಜಾರನು ಬಿಲ್ಲಿನಿಂದ ಹತ್ತಿಯನ್ನು ಹಿಂಜಿದನೆಂದರೆ ನಾರುಗಳ ನಡುವೆ ಗಾಳಿ ಸೇರಿ ಎರಡೂ ಇಳಿಯುತ್ತವೆ. ಹೀಗೆ ಇವೆರಡೂ ಜೊತೆಯಾಗಿ ಏರಿ ಇಳಿಯುವುದನ್ನು ತಲೆಮಾರುಗಳಿಂದ ಕಂಡವರು ಫೋಮಿನಲ್ಲಿಯೂ ಹಾಗೆಯೇ ಇರಬೇಕೆಂದು ಭಾವಿಸುವುದು ಸಹಜವೇ.

ಆದರೆ ಫೋಮಿನ ರಚನೆ ಬೇರೆ. ಜರ್ಮನಿಯ ಆಟೋ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಕಂಡುಹಿಡಿದ ಪಾಲಿಯುರಿಥೇನ್ ಎಂಬ ಪದಾರ್ಥದಿಂದ ಇದನ್ನು ತಯಾರಿಸುತ್ತಾರೆ. ತೆಳುವಾದ ಕಡ್ಡಿಗಳಿಂದ ಹೆಣೆದಂತಿರುವ ಅಸಂಖ್ಯ ಕೋಶಗಳ ಜಾಲವಿದು. ಘನ ಮೀಟರಿಗೆ 32 ಕಿಲೋಗ್ರಾಂ ತೂಗುವ ಫೋಮಿನಲ್ಲಿ ಗಾತ್ರದ ನೂರರಲ್ಲಿ 97 ಪಾಲು ಗಾಳಿಯೇ! ಉಳಿದ ಪದಾರ್ಥ ಎಷ್ಟೆಂಬುದನ್ನು ಸಾಂದ್ರತೆ ತಿಳಿಸುತ್ತದೆ. ಒತ್ತಿದಾಗ ಆ ಜಾಲ ಎಷ್ಟು ಪ್ರತಿರೋಧಿಸುತ್ತದೆಂಬುದನ್ನು ಗಡಸುತನ ತಿಳಿಸುತ್ತದೆ. ರಾಸಾಯನಿಕಗಳ ಪ್ರಮಾಣವನ್ನು ಬದಲಿಸಿ ಒಂದೇ ಸಾಂದ್ರತೆಯ ಫೋಮನ್ನು ಮೆದುವಾಗಿಯೂ ಗಡಸಾಗಿಯೂ ತಯಾರಿಸಬಹುದು. ಸೀಸವು ಉಕ್ಕಿಗಿಂತ ಹೆಚ್ಚು ಸಾಂದ್ರವಾಗಿದ್ದರೂ ಉಗುರಿನಿಂದ ಗೀರಬಹುದಾದಷ್ಟು ಮೆದುವಾಗಿರುವುದನ್ನು ನೆನೆಯಿರಿ.

ಗಡಸುತನವನ್ನು ಅಳೆಯಲು ಸುಮಾರು 20 ಸೆಂಟಿಮೀಟರ್ ವ್ಯಾಸದ ಫಲಕವನ್ನು ಫೋಮಿನ ಮೇಲಿಟ್ಟು, ಅದರ ದಪ್ಪ ಗೊತ್ತಾದ ಪ್ರಮಾಣದಲ್ಲಿ, ಉದಾಹರಣೆಗೆ ನೂರಕ್ಕೆ 40ರಷ್ಟು, ಕುಗ್ಗುವಂತೆ ಒತ್ತುತ್ತಾರೆ. ಅದಕ್ಕೆ ಬೇಕಾದ ಬಲವನ್ನು ನ್ಯೂಟನ್ನುಗಳಲ್ಲಿ ಹೇಳುತ್ತಾರೆ. ಹಾಸಿಗೆ ಮೈಗೆ ಹಿತವೇ ಎಂಬುದು ಇದನ್ನು ಅವಲಂಬಿಸಿದೆ. ಸಾಂದ್ರತೆಯಾದರೋ ಬಾಳಿಕೆಯ ಸೂಚಕ. ಪದಾರ್ಥ ಕಡಿಮೆಯಿದ್ದರೆ, ರಾತ್ರಿಯೆಲ್ಲ ಭಾರಕ್ಕೆ ಬಾಗಿ ಹಗಲು ನೆಟ್ಟಗಾಗುವ ಕಡ್ಡಿಗಳು ಬೇಗ ದಣಿದು ಮುರಿಯುತ್ತವೆ. ಹೀಗೆ ಕುಸಿದ ಫೋಮನ್ನು ಯಾವ ಪಿಂಜಾರನೂ ಹಿಂಜಿ ಸರಿಪಡಿಸಲಾರ.

ಹಾಗಾದರೆ ಎಷ್ಟು ಗಡಸು ಬೇಕು? ಎಲ್ಲರಿಗೂ ಒಂದೇ ಉತ್ತರವಿಲ್ಲ. ಹಗುರಾದ ಬಾಲಕನಿಗೆ ಗಡಸೆನಿಸುವ ಹಾಸಿಗೆ ಭಾರವಾದ ಅವನ ತಂದೆಗೆ ಮೆದುವೆನಿಸುತ್ತದೆ. ಮಗ್ಗುಲಾಗಿ ಮಲಗುವವರಿಗೆ ಭುಜವೂ ಸೊಂಟವೂ ತುಸು ಇಳಿಯುವಷ್ಟು ಮೆದುವಾದುದು ಬೇಕು. ಬೆನ್ನುನೋವಿಗೆ ಹಲಗೆಯಂತಿರುವ ಹಾಸಿಗೆಯೇ ಮದ್ದು ಎಂಬ ನಂಬಿಕೆಯೂ ಪ್ರಶ್ನಾರ್ಹವೇ. ಬಹುಕಾಲದ ಸೊಂಟನೋವಿದ್ದ 313 ಮಂದಿಯ ಮೇಲೆ ಸ್ಪೇನ್ ದೇಶದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಗಡಸು ಹಾಸಿಗೆಗಿಂತ ಮಧ್ಯಮ ಗಡಸಿನದೇ ಹೆಚ್ಚು ಉಪಶಮನ ನೀಡಿತು.

ಸಾಂದ್ರತೆಯನ್ನಂತೂ ನೀವೇ ಕಂಡುಕೊಳ್ಳಬಹುದು. 6 ಅಡಿ ಉದ್ದ, 3 ಅಡಿ ಅಗಲ, 4 ಅಂಗುಲ ದಪ್ಪದ ಫೋಮಿನ ಗಾತ್ರ 6 ಘನ ಅಡಿ, ಅಂದರೆ 0.17 ಘನ ಮೀಟರ್. ಹೊದಿಕೆಯನ್ನು ತೆಗೆದು ತೂಗಿದಾಗ 5.4 ಕಿಲೋಗ್ರಾಂ ಬಂದರೆ ಸಾಂದ್ರತೆ ಸುಮಾರು 32. ಮೂರೇ ಕಿಲೋಗ್ರಾಂ ಬಂದರೆ 18ರ ಸಮೀಪ. ಕೈಯಿಂದ ಒತ್ತಿದಾಗ ಇವೆರಡೂ ಒಂದೇ ತೆರನಾಗಿ ತೋರಬಹುದು. ತಕ್ಕಡಿ ಮಾತ್ರ ಮೋಸಹೋಗದು. ಸುಣ್ಣದ ಪುಡಿಯಂಥ ಪದಾರ್ಥವನ್ನು ಬೆರೆಸಿಯೂ ತೂಕ ಹೆಚ್ಚಿಸಲು ಸಾಧ್ಯವಾದುದರಿಂದ, ಅಂಥದೇನನ್ನೂ ಸೇರಿಸಿಲ್ಲವೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಲೇಸು.

ಇನ್ನೊಂದು ಮಾತು. ಮಳೆಗಾಲ ಮುಗಿದೊಡನೆ ಹಾಸಿಗೆಯನ್ನು ಅಂಗಳದ ಬಿಸಿಲಿಗೆ ಹಾಕುವುದು ನಮ್ಮ ಸೀಮೆಯ ವಾಡಿಕೆ. ಹತ್ತಿಗೆ ಅದು ಒಳ್ಳೆಯದು. ಆದರೆ ಬಿಸಿಲಿನ ಅತಿನೇರಳೆ ಕಿರಣಗಳು ತಾಗಿದರೆ ಫೋಮ್ ಹಳದಿಯಾಗಿ ಪುಡಿಯಾಗತೊಡಗುತ್ತದೆ. ಅದನ್ನು ಗಾಳಿಯಾಡುವ ನೆರಳಿನಲ್ಲಿಯೇ ಆರಿಸಬೇಕು.

ಮಾರುವ ಪ್ರತಿಯೊಂದು ಹಾಸಿಗೆಯ ಮೇಲೂ ಸಾಂದ್ರತೆ ಮತ್ತು ಗಡಸುತನ ಎರಡನ್ನೂ ಅಂಕೆಗಳಲ್ಲಿ ಮುದ್ರಿಸತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಕೊಳ್ಳುವವರು ಕೇಳದಿದ್ದರೆ ಮಾರುವವರು ಹೇಳರು. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸುವುದನ್ನು ಪರೀಕ್ಷೆಗಾಗಿ ಕಲಿತ ವಿದ್ಯಾರ್ಥಿಗಳೇ ಮೊದಲು ಕೇಳಲಿ. ಮನೆಯವರು ಹಾಸಿಗೆ ಕೊಳ್ಳಲು ಹೊರಟಾಗ ನೀವೂ ಜೊತೆಗೆ ಹೋಗಿರಿ. ಒಂದು ಅಳತೆಪಟ್ಟಿಯನ್ನೂ ತೂಗುವ ಕೊಕ್ಕೆಯ ತಕ್ಕಡಿಯನ್ನೂ ಒಯ್ಯಲು ಮರೆಯದಿರಿ.