ನಕ್ಷೆಯ ಊರು, ನಡೆದಾಡುವ ಊರು

ಗುರುಗುಂಟಾದ ಸುತ್ತಿನಲ್ಲಿ ಕುರಿ ಕಾಯುವ ಹಿರಿಯರನ್ನು ದಾರಿ ಕೇಳಿದರೆ ಸರ್ವೆ ನಂಬರು ಹೇಳುವುದಿಲ್ಲ. ಹಳ್ಳ, ಹುಣಸೆ ಗಿಡ, ಗುಡ್ಡದ ಓರೆ ಹೇಳುತ್ತಾರೆ. ಅದೇ ಮನೆಯ ಕಾಲೇಜು ಹುಡುಗ ಮೊಬೈಲಿನಲ್ಲಿ ‘ದಿಶಾಂಕ್’ ತೆರೆದರೆ ನಿಂತ ನೆಲದ ನಂಬರು ಮೂಡುತ್ತದೆ. ಎರಡೂ ತಿಳಿವಳಿಕೆಯೇ.

2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಪಹಣಿಗಾಗಿ ಅಲೆಯುವುದು ಕಡಿಮೆಯಾಯಿತು. ಅದು ಸಣ್ಣ ಉಪಕಾರವಲ್ಲ. ಆದರೆ ಆ ಪಹಣಿಯಲ್ಲಿಯೇ ‘ಖರಾಬು’ ಎಂಬ ಅಂಕಣವೊಂದುಂಟು. ಸಾಗುವಳಿಗೆ ಬಾರದ ಕಲ್ಲುನೆಲ ‘ಅ’ ಖರಾಬು; ದಾರಿ, ಹಳ್ಳಗಳಂತಹ ಸಾರ್ವಜನಿಕ ಉಪಯೋಗದ್ದು ‘ಬ’ ಖರಾಬು. ಕಲ್ಲಿನ ಸಂದಿಯಲ್ಲಿ ಮಳೆಗಾಲಕ್ಕೆ ಚಿಗುರುವ ಹುಲ್ಲಿಗೆ, ಅದನ್ನು ನಂಬಿದ ಹಿಂಡಿಗೆ ಅಲ್ಲಿ ಅಂಕಣವಿಲ್ಲ. ನಗರದಲ್ಲಿ ಕುಳಿತು ಉಪಗ್ರಹದ ಚಿತ್ರ ನೋಡುವವರಿಗೆ ಬೇಸಿಗೆಯ ಗುಡ್ಡವು ಖಾಲಿ ನಿವೇಶನದಂತೆ ಕಾಣುವುದು ಸಹಜ. ಕಟ್ಟಡವಿಲ್ಲದ ನೆಲವನ್ನು ಅವರು ಬೇರೆ ಬಗೆಯಲ್ಲಿ ಓದಿ ಕಲಿತವರಲ್ಲ.

1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡರು. ಅದಕ್ಕೆ ಮೊದಲೂ ಬಂಡೆ ಅಲ್ಲಿಯೇ ಇತ್ತು. ಕುರಿಗಳು ಅದರ ನೆರಳಿನಲ್ಲಿ ಮಲಗಿದ್ದಿರಬೇಕು.

2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಯ ಸಮಿತಿಯು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಹಲವೆಡೆ ಅದು ಕಪಾಟಿನ ಕಡತವಾಗಿದೆ. ವಿದ್ಯಾರ್ಥಿಗಳು ಒಂದು ದಿನ ಹಿಂಡಿನ ಹಿಂದೆ ನಡೆದು, ಯಾವ ಓರೆಯಲ್ಲಿ ಯಾವ ತಿಂಗಳು ಮೇವು, ಯಾವ ಗುಂಡಿಯಲ್ಲಿ ಎಷ್ಟು ದಿನ ನೀರು ಎಂಬುದನ್ನು ಹಿರಿಯರ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿಸಿ, ದಾಖಲಾತಿಗೆ ಸೇರಿಸಿ, ನಡಾವಳಿಯ ಪ್ರತಿಯನ್ನು ಪಡೆದುಕೊಳ್ಳಲಿ.