ಸಪ್ತಾಹದ ಧ್ವಜವೂ ಸಂಘದ ಲೆಕ್ಕವೂ



ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ನಮ್ಮ ದೇಶದಲ್ಲಿ ಸಹಕಾರ ಸಪ್ತಾಹವನ್ನು ಆಚರಿಸಲಾಗುತ್ತದೆ. ಏಳು ಬಣ್ಣದ ಧ್ವಜ ಏರುತ್ತದೆ, ಗಣ್ಯರಿಗೆ ಹಾರ ಬೀಳುತ್ತದೆ, ನಾಲ್ಕು ಭಾಷಣಗಳಾಗುತ್ತವೆ, ಪೇಢೆ ಹಂಚಿ ಸಮಾರಂಭ ಮುಗಿಯುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ತಿಳವಳ್ಳಿ ಭಾಗದ ಇಂಥದೊಂದು ಸಮಾರಂಭದಲ್ಲಿ ಶಾಲೆಯ ಹುಡುಗನೊಬ್ಬ ಎದ್ದು ನಿಂತು, “ಇವತ್ತ ಮಕ್ಕಳ ದಿನಾಚರಣಿ ಅಲ್ಲೇನ್ರಿ? ನೀವು ಬ್ಯಾರೆ ಧ್ವಜ ಯಾಕ ಹಾರಸ್ತೀರಿ?” ಎಂದು ಕೇಳಿದ. ವೇದಿಕೆಯ ಮೇಲಿದ್ದ ಐವರೂ ಮುಖ ಮುಖ ನೋಡಿಕೊಂಡೆವು. “ಕೂಡಪಾ ತಮ್ಮಾ, ಆಮ್ಯಾಲ ಹೇಳ್ತೀವಿ” ಎಂದು ಒಬ್ಬರು ಸಮಾಧಾನ ಮಾಡಿದರು. ಆಮೇಲೆ ಯಾರೂ ಹೇಳಲಿಲ್ಲ. ಆ ಐವರಲ್ಲಿ ನಾನೂ ಒಬ್ಬ. ಅಂದು ಕೊಡಬೇಕಾಗಿದ್ದ ಉತ್ತರವನ್ನು ತಡವಾಗಿಯಾದರೂ ಇಲ್ಲಿ ಬರೆಯುತ್ತಿದ್ದೇನೆ.

ನವೆಂಬರ್ 14 ಪಂಡಿತ ಜವಾಹರಲಾಲ ನೆಹರೂ ಅವರು 1889ರಲ್ಲಿ ಹುಟ್ಟಿದ ದಿನ. ಸಹಕಾರ ಚಳವಳಿಯಲ್ಲಿ ಅವರಿಗೆ ಬಹಳ ನಂಬಿಕೆಯಿತ್ತು. ಆದುದರಿಂದ ಸಪ್ತಾಹ ಅಂದೇ ಆರಂಭವಾಗುತ್ತದೆ. ಅನೇಕ ಬಣ್ಣಗಳು ಒಂದೇ ಬಟ್ಟೆಯಲ್ಲಿ ಕೂಡಿರುವಂತೆ ಅನೇಕ ಜನ ಒಂದೇ ಸಂಘದಲ್ಲಿ ಕೂಡಿರಬೇಕೆಂಬುದು ಧ್ವಜದ ಅರ್ಥ. ಆದರೆ ಇಷ್ಟು ಹೇಳಿದರೆ ಅರ್ಧ ಉತ್ತರವಾದೀತು. ಉಳಿದರ್ಧ ನಮ್ಮ ಹೊಲಮನೆಗಳ ಸಾಲದ ಕಥೆಯಲ್ಲಿದೆ.

1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮೇಲೆ ದಂಗೆಯೆದ್ದು ಸಾಲದ ಪತ್ರಗಳನ್ನು ಸುಟ್ಟರು. ಪತ್ರ ಸುಟ್ಟರೂ ಸಾಲದ ಅವಶ್ಯಕತೆ ಸುಡಲಿಲ್ಲ. ಬಿತ್ತನೆಗೆ, ಎತ್ತಿಗೆ ಮತ್ತೆ ಹಣ ಬೇಕೇ ಬೇಕು. ಆಗ ಸರಕಾರದವರು ದಾರಿ ಹುಡುಕತೊಡಗಿದರು. ಜರ್ಮನಿಯಲ್ಲಿ ರೈಫೈಸನ್ ಎಂಬವರು ಹಳ್ಳಿಗರಿಂದಲೇ ಕಟ್ಟಿಸಿದ್ದ ಪತ್ತಿನ ಸಂಘಗಳು ಅವರ ಕಣ್ಣಿಗೆ ಬಿದ್ದವು. 1904ರ ಮಾರ್ಚ್ 25ರಂದು ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಜಾರಿಗೆ ಬಂದಿತು. ಊರಿನ ಹತ್ತು ಜನ ಕೂಡಿದರೆ ಸಂಘ ಕಟ್ಟಬಹುದಾಗಿತ್ತು. ಗ್ರಾಮೀಣ ಸಂಘಗಳಲ್ಲಿ ಹೊಣೆಗಾರಿಕೆ ಅಪರಿಮಿತ. ಅಂದರೆ ಸಂಘ ಮುಳುಗಿದರೆ ಅದರ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಆಸ್ತಿಯಿಂದ ಉತ್ತರ ಕೊಡಬೇಕು.

ಇಂಥ ಕಠಿಣ ಕರಾರಿಗೆ ಒಪ್ಪಿ ಮೊದಲು ಮುಂದೆ ಬಂದವರು ದೂರದವರಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಂಘವೆಂದು ಹೆಸರಾದ ಸಂಘ 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸ್ಥಾಪನೆಯಾಯಿತು. ಅದನ್ನು ಕಟ್ಟಿದವರು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ಆ ಊರೂ ನಮ್ಮ ತಿಳವಳ್ಳಿಯೂ ಆಗ ಮುಂಬಯಿ ಪ್ರಾಂತದ ಒಂದೇ ಧಾರವಾಡ ಜಿಲ್ಲೆಗೆ ಸೇರಿದ್ದವು. 1997ರಲ್ಲಿ ಜಿಲ್ಲೆಗಳು ಬೇರೆಯಾದವು, ಇತಿಹಾಸ ಬೇರೆಯಾಗಿಲ್ಲ.

1904ರ ಕಾಯ್ದೆಯಲ್ಲಿ ಸಾಲದ ಸಂಘಗಳಿಗೆ ಮಾತ್ರ ಅವಕಾಶವಿತ್ತು. 1912ರ ಕಾಯ್ದೆ ಮಾರಾಟದ ಸಂಘಗಳಿಗೂ ಬಾಗಿಲು ತೆರೆಯಿತು. ಅಡಿಕೆ ಬೆಳೆಗಾರರು ಇದರ ಲಾಭ ಪಡೆದುಕೊಂಡರು. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಮಾರಾಟ ಸಂಘ, 1939ರಲ್ಲಿ ಶಿವಮೊಗ್ಗೆಯಲ್ಲಿ ಮಾಮ್ಕೋಸ್, 1970ರ ಸುಮಾರಿನ ಬೆಲೆ ಕುಸಿತದ ಪೆಟ್ಟು ತಿಂದ ಮೇಲೆ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದವು. ಕಾಫಿ ಬೆಳೆಗಾರ ಬಂಧುಗಳ ಅನುಭವ ಬೇರೆ. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಅವರು ಬೆಳೆಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. 1996ರ ಹೊತ್ತಿಗೆ ಆ ಕಟ್ಟು ಪೂರ್ತಿ ಸಡಿಲವಾಗಿ, ಮಾರಾಟದ ಸ್ವಾತಂತ್ರ್ಯದೊಂದಿಗೆ ಬೆಲೆಯ ಏರಿಳಿತವನ್ನು ಒಬ್ಬನೇ ಎದುರಿಸುವ ಕಷ್ಟವೂ ಬಂದಿತು. ಒಬ್ಬನೇ ನಿಂತ ಬೆಳೆಗಾರನಿಗೆ ಪೇಟೆ ಹೇಳಿದ್ದೇ ಬೆಲೆ ಎಂಬ ಮಾತು ಎರಡೂ ಬೆಳೆಗಳಿಗೆ ಸಮನಾಗಿ ಅನ್ವಯಿಸುತ್ತದೆ.

ಈಗ ನಮ್ಮ ನಡತೆಯನ್ನು ನೋಡಿಕೊಳ್ಳೋಣ. ಸಪ್ತಾಹ ಬರುವುದು ಅಡಿಕೆ ಕೊಯ್ಲಿನ ದಿನಗಳಲ್ಲಿ. ಸಂಘದಿಂದ ಸಾಲ ಪಡೆದು ಬೆಳೆಸಿದ ಫಸಲನ್ನು ಎಷ್ಟೋ ಜನ ಕೊನೆ ಗಿಡದಲ್ಲಿರುವಾಗಲೇ ಚೇಣಿಗೆ ಕೊಟ್ಟಿರುತ್ತೇವೆ, ಇಲ್ಲವೆ ತೂಕಕ್ಕೆ ಎರಡು ರೂಪಾಯಿ ಹೆಚ್ಚು ಸಿಕ್ಕಿತೆಂದು ಹೊರಗೆ ಮಾರಿರುತ್ತೇವೆ. ಬೆಲೆ ಬಿದ್ದ ವರ್ಷ ಮಾತ್ರ ಸಂಘದ ಬಾಗಿಲಿಗೆ ಬಂದು, “ಸಂಘ ಏನು ಮಾಡುತ್ತಿದೆ?” ಎಂದು ಕೇಳುತ್ತೇವೆ. ಸರ್ವಸಾಧಾರಣ ಸಭೆಯಲ್ಲಿ ಅಢಾವೆ ಪತ್ರಿಕೆ ಓದುವ ಹೊತ್ತಿಗೆ ಊಟದ ಪಂಕ್ತಿ ಎದ್ದಿರುತ್ತದೆ. ಸಂಘ ನಡೆಸುವವರಲ್ಲಿಯೂ ಲೆಕ್ಕವನ್ನು ಸದಸ್ಯರಿಗೆ ತಿಳಿಯುವಂತೆ ಹೇಳುವ ಉತ್ಸಾಹ ಕಡಿಮೆ. ತಪ್ಪು ಎರಡೂ ಕಡೆಗಿದೆ.

“ಹಬ್ಬದ ದಿನ ಸಂತೋಷದಿಂದಿರಲಿ ಬಿಡ್ರಿ, ಇತಿಹಾಸ ಶಾಲೆಗಿರಲಿ” ಎಂದು ಹಿರಿಯರೊಬ್ಬರು ನನಗೆ ಹೇಳಿದರು. ಸಂತೋಷಕ್ಕೆ ನನ್ನ ಅಡ್ಡಿಯಿಲ್ಲ, ಪೇಢೆಯೂ ಇರಲಿ. ಆದರೆ ತಮ್ಮ ಆಸ್ತಿಯನ್ನೇ ಹೊಣೆಯಾಗಿಟ್ಟು ನಮಗಿಂತ ಬಡವರಾಗಿದ್ದವರು ಈ ಸಂಘಗಳನ್ನು ಕಟ್ಟಿದರೆಂಬುದು ಗೊತ್ತಿಲ್ಲದ ಸದಸ್ಯನಿಗೆ ಸಂಘವೂ ಒಂದು ಅಂಗಡಿಯೇ. ಬೆಲೆ ಹೆಚ್ಚು ಕೊಟ್ಟ ಅಂಗಡಿಗೆ ಆತ ಹೋದರೆ ತಪ್ಪೆಂದು ಹೇಗೆ ಹೇಳುವುದು?

ಆದುದರಿಂದ ನನ್ನ ಸೂಚನೆಗಳು ಮೂರು. ಒಂದನೆಯದಾಗಿ, ಬೆಳಗಿನ ಹನ್ನೊಂದು ಗಂಟೆಗೆ ಸಮಾರಂಭವಿಟ್ಟರೆ ಕೊಯ್ಲಿನಲ್ಲಿರುವ ಸದಸ್ಯ ಬರಲಾರ. ಅದನ್ನು ಸಂಜೆಗೆ, ಸಂಘದ ವಖಾರಿಯ ಅಂಗಳದಲ್ಲಿ ಇಡಬೇಕು. ಎರಡನೆಯದಾಗಿ, ಭಾಷಣಗಳಲ್ಲಿ ಎರಡನ್ನು ಕಡಿಮೆ ಮಾಡಿ, ಕಣಗಿನಹಾಳದ ಕಥೆಯನ್ನೂ ನಮ್ಮ ಸಂಘ ಹುಟ್ಟಿದ ಕಥೆಯನ್ನೂ ಮಕ್ಕಳಿಗೆ ಕಾಲು ಗಂಟೆಯಲ್ಲಿ ಹೇಳಬೇಕು. ಮೂರನೆಯದಾಗಿ, ಆ ವರ್ಷ ಸಂಘ ಎಷ್ಟು ಸಾಲ ಕೊಟ್ಟಿತು, ಎಷ್ಟು ಬಾಕಿ ಉಳಿಯಿತು, ಎಷ್ಟು ಅಡಿಕೆ, ಎಷ್ಟು ಕಾಫಿ ಸಂಘದ ಮೂಲಕ ಮಾರಾಟವಾಯಿತು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಎಲ್ಲರೆದುರು ಓದಬೇಕು. ಇದಕ್ಕೆ ಹೊಸ ಠರಾವು ಬೇಡ, ಮನಸ್ಸಿದ್ದರೆ ಸಾಕು.

ತಿಳವಳ್ಳಿಯ ಶಾಂತೇಶ್ವರ ಗುಡಿ 13ನೆಯ ಶತಮಾನದ್ದು. ಆ ಕಾಲದ ದಾನಶಾಸನಗಳಲ್ಲಿ ಶಕವರ್ಷ, ತಿಥಿ, ವಾರಗಳನ್ನು ಹೇಳಿ ಸುಮ್ಮನಾಗುತ್ತಿರಲಿಲ್ಲ. ಯಾರು ಏನು ಕೊಟ್ಟರು, ಅದರ ಗಡಿ ಯಾವುದು, ಅದನ್ನು ಕಾಯುವವರು ಯಾರು ಎಂಬುದನ್ನೂ ಕೆತ್ತಿಸುತ್ತಿದ್ದರು. ದಿನವನ್ನು ನೆನೆಯುವ ನಮ್ಮ ಹಿರಿಯರ ಪದ್ಧತಿ ಅದು. ಬರುವ ಸಪ್ತಾಹದಲ್ಲಿ ನಾವೂ ತಾರೀಖಿನ ಜೊತೆಗೆ ಲೆಕ್ಕವನ್ನೂ ಓದೋಣ. ಇದರ ಬಗ್ಗೆ ಸದಸ್ಯ ಬಾಂಧವರು ತಮ್ಮ ಅಭಿಪ್ರಾಯಗಳನ್ನು ಈ ಪತ್ರಿಕೆಗೆ ಬರೆದು ತಿಳಿಸಬೇಕೆಂದು ವಿನಂತಿ.

— ತಿಳವಳ್ಳಿಯ ಒಬ್ಬ ಸದಸ್ಯ