ಜಲ್ಪಕ್ಕೂ ವಿತಂಡಕ್ಕೂ ನಡುವೆ ಸಿಕ್ಕವರು

ಪರರ ಮಕ್ಕಳ ಬಾಳನ್ನು ಪಣವಾಗಿ ಒಡ್ಡಿ ವಾದದಲ್ಲಿ ಗೆಲ್ಲಹೊರಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಹನೆ ಕಡಮೆ. ಅಮೆರಿಕದ ‘ಡ್ರೀಮರ್’ ತರುಣರ ವಿಷಯವಾಗಿ ಉಭಯಪಕ್ಷಗಳೂ ಆಡುವ ಮಾತುಗಳನ್ನು ಈ ವಾರ ಮತ್ತೊಮ್ಮೆ ಓದಿದ ಮೇಲೆ ಇದ್ದಷ್ಟೂ ತೀರಿತು. ಎಳವೆಯಲ್ಲಿ ಹೆತ್ತವರ ಕೈಹಿಡಿದು ಬಂದು, ಅಲ್ಲಿಯೇ ಓದಿ ಬೆಳೆದು, ಕಾಗದಪತ್ರದ ಆಧಾರವಿಲ್ಲದೆ ನಿಂತಿರುವ ಈ ಜನಕ್ಕೆ 2012ರ ಜೂನ್ 15ರಂದು ಒಬಾಮಾ ಸರ್ಕಾರವು ‘ಡಾಕಾ’ ಎಂಬ ತಾತ್ಕಾಲಿಕ ಅಭಯವನ್ನಿತ್ತುದು, 2017ರಲ್ಲಿ ಟ್ರಂಪ್ ಸರ್ಕಾರವು ಅದನ್ನು ರದ್ದುಗೊಳಿಸಹೊರಟುದು, 2020ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ಆ ರದ್ದತಿಯನ್ನು ತಡೆದುದು, ಇವೆಲ್ಲ ವಾಚಕರು ಬಲ್ಲ ಸಂಗತಿಗಳು.

ಯಾವ ಚರ್ಚೆಯನ್ನೇ ಆಗಲಿ ಗೌತಮನ ನ್ಯಾಯಸೂತ್ರಗಳ ಒರೆಗೆ ಹಚ್ಚದೆ ನಾನು ಬಿಡುವವನಲ್ಲವೆಂಬುದನ್ನೂ ಅವರು ಬಲ್ಲರು. ತತ್ತ್ವನಿರ್ಣಯಕ್ಕಾಗಿ ನಡೆಯತಕ್ಕದ್ದು ವಾದ; ಜಯವೊಂದನ್ನೇ ಬಯಸಿ ಮಾತಿನ ವಂಚನೆಯಿಂದಲಾದರೂ ಸ್ವಪಕ್ಷವನ್ನು ಸಾಧಿಸುವುದು ಜಲ್ಪ; ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುತ್ತ ಹೋಗುವುದು ವಿತಂಡ. ನಮ್ಮ ಕಾಲೇಜುಗಳ ಚರ್ಚಾಸ್ಪರ್ಧೆಗಳು ತರುಣರಿಗೆ ಕಡೆಯ ಎರಡನ್ನು ಕಲಿಸಿ ಮೊದಲನೆಯದನ್ನು ಮರೆಸಿವೆಯೆಂದು ನಾನು ಬಹುಕಾಲದಿಂದ ಹೇಳುತ್ತ ಬಂದಿದ್ದೇನೆ. ವಾಷಿಂಗ್ಟನ್ನಿನ ಹಿರಿಯರೂ ಅದೇ ಪಾಠವನ್ನು ಓದಿದಂತೆ ತೋರುತ್ತದೆ.

ರಕ್ಷಣೆ ಬೇಕೆನ್ನುವವರ ಮುಖ್ಯಾಸ್ತ್ರವು ಈ ಮಕ್ಕಳು ನಿರಪರಾಧಿಗಳೆಂಬುದು. ಅದರ ಮೂಲವು ಉದಾತ್ತವಾದುದೇ. 1982ರ ಪ್ಲೈಲರ್ ಮೊಕದ್ದಮೆಯಲ್ಲಿ, ಟೆಕ್ಸಾಸಿನ ಶಾಲೆಗಳ ಬಾಗಿಲನ್ನು ಇಂಥ ಮಕ್ಕಳಿಗೆ ಮುಚ್ಚಲಾಗದೆಂದು ತೀರ್ಪಿತ್ತ ನ್ಯಾಯಮೂರ್ತಿ ಬ್ರೆನನ್ನರು, ಹೆತ್ತವರ ನಡತೆಯ ಹೊರೆಯನ್ನು ಮಕ್ಕಳ ತಲೆಗೆ ಕಟ್ಟುವುದು ನ್ಯಾಯವಲ್ಲವೆಂದು ನಿರ್ಧರಿಸಿದರು. ಆದರೆ ನ್ಯಾಯಪೀಠದಿಂದ ಇಳಿದು ರಾಜಕೀಯದ ವೇದಿಕೆಯನ್ನೇರಿದ ಆ ಮಾತು, ಮಗನನ್ನು ಬಿಡಿಸಿಕೊಳ್ಳುವ ಸಲುವಾಗಿ ತಾಯಿಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವ ಮಾತಾಯಿತು. ಅದೂ ಸಾಲದೆಂದು ಪ್ರಥಮಶ್ರೇಣಿಯ ವಿದ್ಯಾರ್ಥಿಗಳನ್ನೂ ದಾದಿಯರನ್ನೂ ಸೈನಿಕರನ್ನೂ ಆರಿಸಿ ತಂದು, ಅವರು ತೆರುವ ತೆರಿಗೆಯ ಲೆಕ್ಕವನ್ನು ಒಪ್ಪಿಸುತ್ತಾರೆ. ಹೋಟೆಲಿನಲ್ಲಿ ಪಾತ್ರೆ ತೊಳೆದು ಜೀವಿಸುವ ಸಾಧಾರಣ ತರುಣನು ಯಾವ ಪುಣ್ಯದಿಂದ ಅಲ್ಲಿ ಉಳಿಯಬೇಕೆಂಬುದಕ್ಕೆ ಅವರಲ್ಲಿ ಉತ್ತರವಿಲ್ಲ. ಕನಿಕರವನ್ನು ಗಳಿಸಿ ಹಕ್ಕನ್ನು ಬಿಟ್ಟುಕೊಡುವ ಈ ಮಾರ್ಗವು ಜಲ್ಪ.

ವಿರೋಧಿಗಳ ಮಾತಿನಲ್ಲಿ ಒಂದು ಸತ್ಯಾಂಶವುಂಟು. ಶಾಸನ ಮಾಡತಕ್ಕದ್ದು ಕಾಂಗ್ರೆಸ್ಸು, ಅಧ್ಯಕ್ಷನಲ್ಲ. ಗಡೀಪಾರನ್ನು ತಾನೊಬ್ಬನೇ ಆಜ್ಞೆ ಹೊರಡಿಸಿ ನಿಲ್ಲಿಸಲಾರೆನೆಂದು 2011ರಲ್ಲಿ ಸ್ವಯಂ ಒಬಾಮಾ ಹೇಳಿದ್ದರು. ಒಪ್ಪಿದೆ. ಆದರೆ ಡರ್ಬಿನ್ ಮತ್ತು ಹ್ಯಾಚ್ ಎಂಬ ಭಿನ್ನಪಕ್ಷಗಳ ಸೆನೆಟರುಗಳು 2001ರಲ್ಲಿಯೇ ಮಂಡಿಸಿದ ಡ್ರೀಮ್ ಮಸೂದೆಯು, 2010ರ ಡಿಸೆಂಬರಿನಲ್ಲಿ ಪ್ರತಿನಿಧಿಸಭೆಯನ್ನು ದಾಟಿ, ಸೆನೆಟ್ಟಿನಲ್ಲಿ 60 ಮತ ಬೇಕಾದೆಡೆ 55ನ್ನು ಪಡೆದು ಬಿದ್ದುಹೋದಾಗ, ಅದನ್ನು ಬೀಳಿಸಿದವರಲ್ಲಿ ಹೆಚ್ಚಿನವರು ಈ ಪಕ್ಷದವರೇ. ಕಾಂಗ್ರೆಸ್ಸೇ ಮಾಡಲೆನ್ನುವುದು, ಕಾಂಗ್ರೆಸ್ಸು ಮಾಡಹೊರಟಾಗ ಅಡ್ಡನಿಲ್ಲುವುದು, ಅನಂತರ ಮಾಡಲಿಲ್ಲವೆಂಬುದನ್ನೇ ಆಕ್ಷೇಪವಾಗಿ ಎತ್ತುವುದು, ಇದಕ್ಕಿಂತ ಶುದ್ಧವಾದ ವಿತಂಡವನ್ನು ನಾನು ಕಂಡಿಲ್ಲ.

ಜಯನಗರದ ವೃದ್ಧಮಿತ್ರರೊಬ್ಬರು ಮೊನ್ನೆ ನನ್ನೊಡನೆ, “ನಮ್ಮ ಹುಡುಗ ಸಾಲಿನಲ್ಲಿ ನಿಂತಿಲ್ಲವೇನ್ರೀ? ಅವರೂ ನಿಲ್ಲಲಿ” ಎಂದು ಗುಡುಗಿದರು. ಎಚ್-1ಬಿ ವೀಸಾದ ಮೇಲೆ ಹೋದ ಅವರ ಮಗ ಗ್ರೀನ್ ಕಾರ್ಡಿಗಾಗಿ ಇನ್ನೂ ಕಾಯುತ್ತಿದ್ದಾನೆ. ಯಾವೊಂದು ದೇಶಕ್ಕೂ ನೂರಕ್ಕೆ ಏಳಕ್ಕಿಂತ ಹೆಚ್ಚು ಕೊಡಲಾಗದೆಂಬ ಮಿತಿಯಿಂದಾಗಿ ಭಾರತೀಯರ ಸಾಲು ದಶಕಗಳಷ್ಟು ಉದ್ದವಾಗಿದೆ. ನಾಲ್ಕರ ಪ್ರಾಯದಲ್ಲಿ ಅಲ್ಲಿಗೆ ಹೋದ ಮೊಮ್ಮಗಳು ಇಪ್ಪತ್ತೊಂದು ತುಂಬುವುದರೊಳಗೆ ತಂದೆಯ ಸರದಿ ಬಾರದಿದ್ದರೆ ಆ ಸಾಲಿನಿಂದ ಹೊರಬೀಳಬೇಕು. ಡಾಕಾ ಅವಳನ್ನು ಕಾಯದು. 2012ರಲ್ಲಿ ಸಕ್ರಮ ವೀಸಾ ಇಲ್ಲದಿದ್ದವರಿಗೆ ಮಾತ್ರವೇ ಅದು. “ರಾಯರೆ, ನಿಮ್ಮ ಮೊಮ್ಮಗಳೂ ಆ ಹುಡುಗರೂ ಒಂದೇ ದೋಣಿಯವರಲ್ಲವೆ?” ಎಂದೆ. “ಅದು ಬೇರೆ, ಇದು ಬೇರೆ” ಎಂದು ಅವರು ಮುಖ ತಿರುಗಿಸಿದರು. ಬೇರೆಯಲ್ಲ. ಸಾಲಿನಲ್ಲಿ ನಿಂತವರ ಮಗಳನ್ನೂ, ನಿಲ್ಲಲು ಸಾಲೇ ಇಲ್ಲದವರ ಮಗನನ್ನೂ ಆ ದೇಶವು ಒಂದೇ ಬಾಗಿಲಿನಿಂದ ಹೊರಗೆ ಕಳುಹಿಸಬಲ್ಲುದು.

ಈ ತರುಣರು ಅಲ್ಲಿ ಉಳಿಯಬೇಕಾದುದು ನಿರ್ದೋಷಿಗಳೆಂಬುದಕ್ಕಲ್ಲ, ಜಾಣರೆಂಬುದಕ್ಕಲ್ಲ, ತೆರಿಗೆ ಕಟ್ಟುವರೆಂಬುದಕ್ಕೂ ಅಲ್ಲ. ಅವರ ಬಾಳು ಅಲ್ಲಿಯೇ ಬೇರೂರಿತೆಂಬುದಕ್ಕೆ. 2012ರಲ್ಲಿ ಮೂವತ್ತರ ಅಂಚಿನಲ್ಲಿದ್ದವರು ನಲವತ್ತನ್ನು ದಾಟಿದ್ದಾರೆ. ತಾವೇ ಮಕ್ಕಳನ್ನು ಸಾಕುತ್ತಿರುವ ಅವರು ಎರಡೆರಡು ವರ್ಷಕ್ಕೊಮ್ಮೆ ತಮ್ಮ ಬದುಕನ್ನು ನವೀಕರಿಸಿಕೊಳ್ಳಬೇಕಾಗಿದೆ. 2001ರಿಂದ ಈಚೆಗೆ ಇವರಿಗಾಗಿ ಒಂದು ಶಾಸನವನ್ನು ಹೊರತರಲಾರದ ಸಭಾಸದರು, ಮೂರು ವರ್ಷದ ಕೂಸಿಗೆ ಕಾನೂನಿನ ಗೌರವವನ್ನು ಬೋಧಿಸುವ ಮೊದಲು ಕಾನೂನು ಮಾಡುವ ತಮ್ಮ ಕೆಲಸವನ್ನು ಕಲಿಯಲಿ.